ಹೋದ ಹೆಸರು, ಬಂದ ಹುಳ

ಗದಗ-ಬೆಟಗೇರಿಯ ಅಡತಿ ಅಂಗಡಿಗಳಲ್ಲಿ ಹೆಗ್ಗಣದ ಸುದ್ದಿ ತೆಗೆದರೆ ಕುಳಿತವರೆಲ್ಲರ ಬಳಿಯೂ ಹೇಳಲು ಒಂದೊಂದು ಕಥೆ ಇರುತ್ತದೆ. ಗೋಡೆಯ ಬುಡಕ್ಕೆ ತೂತು ಬಿದ್ದದ್ದು, ಕಡಲೆ ಚೀಲದ ತಳ ಹರಿದದ್ದು, ಗಟಾರದ ದಂಡೆ ಒಳಗಿಂದೊಳಗೇ ಟೊಳ್ಳಾಗಿ ಕುಸಿದದ್ದು. ಲಕ್ಷ್ಮೇಶ್ವರ, ಶಿರಹಟ್ಟಿಗಳ ಕಡೆ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಕಾಲವನ್ನು ಕಂಡ ಹಿರಿಯರಿಗಂತೂ ಅದರ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆದರೆ ಅದೇ ಸೀಮೆಯ ಇನ್ನೊಂದು ಜೀವಿಯ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ಮುಂಡರಗಿಯ ದಾರಿಯಲ್ಲಿ, ಕಪ್ಪತಗುಡ್ಡದ ಬುಡದ ಮಸಾರಿ ನೆಲದಲ್ಲಿ, ಹೊಲದ ಬದುವಿನ ಮೇಲೆ ಡಬ್ಬಗಳ್ಳಿ ಇದ್ದರೆ ಅದರ ದಪ್ಪ ಎಲೆಯ ಮೇಲೆ ಅರಳೆ ಅಂಟಿಸಿದಂತೆ ಬಿಳಿಯ ಚುಕ್ಕೆಗಳು ಕಾಣುವುದುಂಟು. ಬೆರಳಿನಿಂದ ಒರೆಸಿದರೆ ರಕ್ತದಂಥ ಕೆಂಪು. ಅದು ಹುಳ ಎಂದು ತಿಳಿದವರೇ ಕಡಿಮೆ. ಅದು ಎಲ್ಲಿಂದ ಬಂತು ಎಂದು ಕೇಳಿದವರು ಇನ್ನೂ ಕಡಿಮೆ.

ಹೆಗ್ಗಣಕ್ಕೂ ಈ ಹುಳಕ್ಕೂ ಏನು ಸಂಬಂಧ? ನಮ್ಮ ನೆಲದಲ್ಲಿ ನೋಡಿದರೆ ಏನೂ ಇಲ್ಲ. ಸಂಬಂಧ ಹುಡುಕಲು ಆಸ್ಟ್ರೇಲಿಯಾದವರೆಗೆ ಹೋಗಿಬರಬೇಕು. ನಮ್ಮ ಹೆಗ್ಗಣದ ಹೆಸರು ಆ ಖಂಡಕ್ಕೆ ಹೋಗಿ ಅಲ್ಲಿಯ ಒಂದು ಪುಟ್ಟ ಪ್ರಾಣಿಗೆ ಅಂಟಿಕೊಂಡಿತು. ಕಾಂಗರೂವಿನಂತೆ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಸಾಕುವ ಪ್ರಾಣಿ ಅದು. ಡಬ್ಬಗಳ್ಳಿಯ ಹುಳ ಅದೇ ಆಸ್ಟ್ರೇಲಿಯಾದ ದಾರಿಯಾಗಿ ನಮ್ಮಲ್ಲಿಗೆ ಬಂತು. ಹೋದದ್ದು ಹೆಸರು, ಬಂದದ್ದು ಹುಳ. ಎರಡೂ ಕಡೆ ಗುರುತು ಹಿಡಿಯುವಲ್ಲಿ ಮನುಷ್ಯ ತಪ್ಪಿದ. ಆ ತಪ್ಪುಗಳಿಂದ ಏನೇನಾಯಿತು ಎಂಬುದೇ ಇಲ್ಲಿಯ ವಿಷಯ.

ಮೊದಲು ಹೆಸರಿನ ಕಥೆ. ತೆಲುಗಿನಲ್ಲಿ ಹೆಗ್ಗಣಕ್ಕೆ ಪಂದಿಕೊಕ್ಕು ಎನ್ನುತ್ತಾರೆ. ಪಂದಿ ಎಂದರೆ ನಮ್ಮ ಹಂದಿಯೇ. ಹಳಗನ್ನಡದಲ್ಲಿ ನಾವೂ ಪಂದಿ ಎಂದೇ ಅನ್ನುತ್ತಿದ್ದೆವು. ಕೊಕ್ಕು ಎಂದರೆ ಇಲಿಯ ಜಾತಿ. ಹಂದಿಯಂತೆ ನೆಲ ಉಳುವ ಇಲಿ ಎಂಬುದು ಒಟ್ಟು ಅರ್ಥ. ಮದರಾಸಿನ ಕಡೆ ನೆಲೆಸಿದ ಇಂಗ್ಲಿಷರ ನಾಲಿಗೆಯಲ್ಲಿ ಈ ಪಂದಿಕೊಕ್ಕು ಹೊರಳಿ ‘ಬ್ಯಾಂಡಿಕೂಟ್’ ಆಯಿತು. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಅದು ಕಂಪನಿಯ ಹಡಗುಗಳಲ್ಲಿ ಓಡಾಡುವವರಿಗೆಲ್ಲ ಗೊತ್ತಿದ್ದ ಮಾತಾಗಿತ್ತು. 1799ರ ಸುಮಾರಿಗೆ ಟಾಸ್ಮೇನಿಯಾದ ಕರಾವಳಿ ಸುತ್ತಿದ ಜಾರ್ಜ್ ಬಾಸ್ ಅಲ್ಲಿ ಕಂಡ ಉದ್ದ ಮೂತಿಯ, ನೆಲ ಕೆದರುವ ಒಂದು ಪ್ರಾಣಿಯನ್ನು ಬ್ಯಾಂಡಿಕೂಟ್ ಎಂದು ಕರೆದ. ಹೆಸರು ನಿಂತುಬಿಟ್ಟಿತು. ಇಂದು ಇಂಗ್ಲಿಷ್ ಓದುವ ಮಕ್ಕಳಿಗೆ ಬ್ಯಾಂಡಿಕೂಟ್ ಎಂದರೆ ಮೊದಲು ನೆನಪಾಗುವುದು ಆಸ್ಟ್ರೇಲಿಯಾದ ಪ್ರಾಣಿ. ಮೂಲದ ಹೆಗ್ಗಣವನ್ನು ಹೇಳಬೇಕಾದರೆ ‘ಬ್ಯಾಂಡಿಕೂಟ್ ಇಲಿ’ ಎಂದು ಬಾಲ ಹಚ್ಚಬೇಕಾಗಿದೆ. ದತ್ತಕ ಹೋದವನು ಮನೆಯ ಹೆಸರನ್ನೂ ತೆಗೆದುಕೊಂಡು ಹೋದಂತಾಯಿತು.

ಹೆಗ್ಗಣದ ಕುಲದ ಬಗ್ಗೆ ನಮ್ಮ ಸೀಮೆಯಲ್ಲೇ ಒಳ್ಳೆಯ ದಾಖಲೆ ಹುಟ್ಟಿದೆ. ವಾಲ್ಟರ್ ಎಲಿಯಟ್ ಎಂಬ ಅಧಿಕಾರಿಯ ಹೆಸರು ಶಾಸನ ಓದುವವರಿಗೆ ಗೊತ್ತು. 1824ರ ಕಿತ್ತೂರು ಯುದ್ಧದಲ್ಲಿ ರಾಣಿ ಚೆನ್ನಮ್ಮನ ಕೈಗೆ ಸೆರೆ ಸಿಕ್ಕ ಇಬ್ಬರು ಇಂಗ್ಲಿಷರಲ್ಲಿ ಆತ ಒಬ್ಬ. ಬಿಡುಗಡೆಯಾದ ಮೇಲೆ ಧಾರವಾಡದ ಸುತ್ತ ಹಲವು ವರ್ಷ ಇದ್ದು ಕಲ್ಲಿನ ಮೇಲಿನ ಅಕ್ಷರವನ್ನೂ ಹೊಲದ ಇಲಿಯನ್ನೂ ಒಂದೇ ಆಸಕ್ತಿಯಿಂದ ಬರೆದುಕೊಂಡ. ಅಂದು ‘ದಕ್ಷಿಣ ಮರಾಠಾ ಸೀಮೆ’ ಎನಿಸಿಕೊಂಡಿದ್ದ ಈ ಭಾಗದ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ. ಹೊಲದಲ್ಲಿ ಬಿಲ ತೋಡಿ ಕಾಳು ಕೂಡಿಡುವ ‘ಕೊಕ್’ ಎಂಬ ಇಲಿಯ ವರ್ಣನೆ ಅದರಲ್ಲಿದೆ. ಇದು ಹೆಗ್ಗಣದ ಚಿಕ್ಕ ಜಾತಿ. ಪಂದಿಕೊಕ್ಕುವಿನ ಕೊಕ್ಕು ಇದೇ. ಸುಗ್ಗಿ ಚೆನ್ನಾಗಿ ಆದ ವರ್ಷ ಒಡ್ಡರು ಈ ಬಿಲಗಳನ್ನು ಅಗೆದು ಒಂದೊಂದರಲ್ಲಿ ಅರ್ಧ ಸೇರಿನಷ್ಟು ಕಾಳು, ಕೆಲವೊಮ್ಮೆ ಇಡೀ ಜೋಳದ ತೆನೆಗಳನ್ನೇ ತೆಗೆಯುತ್ತಿದ್ದರೆಂದು ಆತ ಬರೆದಿದ್ದಾನೆ.

ಅದಕ್ಕಿಂತ ಮನಸ್ಸು ಕಲಕುವುದು 1826ರ ಸಂಗತಿ. ಆ ವರ್ಷ ಮಳೆ ಕೈಕೊಟ್ಟಿತ್ತು. ಇಂಗ್ಲಿಷ್ ಪುಸ್ತಕಗಳಲ್ಲಿ ‘ಮೆಟಾಡ್’ ಎಂದು ಉಳಿದಿರುವ ಹೊಲದ ಇಲಿ ಮಿತಿ ಮೀರಿ ಹೆಚ್ಚಿತು. ಬಿತ್ತಿದ ಬೀಜವನ್ನು ಬಿತ್ತಿದಂತೆಯೇ ತಿಂದಿತು. ಉಳಿದು ಬೆಳೆದದ್ದರ ದಂಟು ಹತ್ತಿ ತೆನೆ ಕಡಿದು ಕೆಡವಿ ತಿಂದಿತು. ಇಡೀ ಹೊಲಗಳು ಬರಿದಾಗಿ ರೈತರಿಗೆ ಕಂದಾಯ ಕಟ್ಟಲು ಆಗಲಿಲ್ಲ. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತುಮಾಡಿ ಒಡ್ಡರನ್ನು ಕರೆಸಿದರು. ಸಾವಿರಗಟ್ಟಲೆ ಕೊಂದರೂ ಇಲಿಗಳ ಸಂಖ್ಯೆ ಕಡಿಮೆಯಾದಂತೆ ಕಾಣಲಿಲ್ಲವಂತೆ. ಈ ಮೆಟಾಡ್‌ಗೂ ಕೊಕ್‌ಗೂ 1837ರಲ್ಲಿ ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ ಶಾಸ್ತ್ರೀಯ ಹೆಸರಿಟ್ಟಾಗ ಈ ನೆಲದ ಮಾತುಗಳನ್ನೇ ಬಳಸಿದ. ಮೆಟಾಡ್ ಮೊದಲು ದೊರೆತ ಸ್ಥಳವೆಂದು ಜಗತ್ತಿನ ಪುಸ್ತಕಗಳಲ್ಲಿ ಇಂದಿಗೂ ಧಾರವಾಡದ ಹೆಸರಿದೆ. ಹೆಸರಿನ ಹಿಂದೆ ಹೋಗಿ ಪ್ರಾಣಿಯನ್ನು ನೋಡಿದ್ದು, ನೋಡಿದ ಮೇಲೆ ಹೆಸರಿಟ್ಟದ್ದು ಎಲಿಯಟ್ಟನ ಹೆಚ್ಚುಗಾರಿಕೆ.

ಬಾಸ್‌ಗೆ ಅಷ್ಟು ವ್ಯವಧಾನ ಇರಲಿಲ್ಲ. ಆತ ಹೆಸರಿಟ್ಟ ಪ್ರಾಣಿಗೂ ಹೆಗ್ಗಣಕ್ಕೂ ಮೈಕಟ್ಟಿನ ಹೋಲಿಕೆ ಬಿಟ್ಟರೆ ರಕ್ತಸಂಬಂಧ ಇಲ್ಲ. ಹೆಗ್ಗಣ ಕಾಳು ತಿಂದು ಕಾಳು ಕೂಡಿಡುತ್ತದೆ. ಚೀಲದ ಬ್ಯಾಂಡಿಕೂಟ್ ಹುಳ, ಗೊಣ್ಣೆಹುಳ, ಗೆಡ್ಡೆ, ನೆಲದೊಳಗಿನ ಅಣಬೆ ತಿನ್ನುತ್ತದೆ, ಕೂಡಿಡುವುದಿಲ್ಲ. ಅದರ ಹಿಂಗಾಲಿನ ಎರಡು ಬೆರಳುಗಳು ಒಂದಕ್ಕೊಂದು ಕೂಡಿಕೊಂಡಿವೆ. ಅದೇ ಅದರ ಬಾಚಣಿಗೆ. ಬಸಿರು ಹನ್ನೆರಡೇ ದಿನ. ಕಾಳಿನಷ್ಟು ಮರಿ ಹುಟ್ಟಿ ತಾನೇ ತೆವಳಿ ಚೀಲ ಸೇರುತ್ತದೆ. ಕಾಂಗರೂವಿನ ಚೀಲಕ್ಕೆ ಬಾಯಿ ಮುಂದೆ ಇದ್ದರೆ ಇದರ ಚೀಲಕ್ಕೆ ಬಾಯಿ ಹಿಂದೆ. ತಾಯಿ ನೆಲ ಕೆದರುವಾಗ ಮರಿಗಳ ಮೇಲೆ ಮಣ್ಣು ಬೀಳಬಾರದಲ್ಲ! ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಒಂದು ಬ್ಯಾಂಡಿಕೂಟ್ ದಿನಕ್ಕೆ ಸುಮಾರು 45 ಗುಂಡಿ ತೋಡುತ್ತದೆ. ವರ್ಷಕ್ಕೆ ಹೊರಳಿಸುವ ಮಣ್ಣು ಸುಮಾರು 3.9 ಟನ್. ಆ ಗುಂಡಿಗಳಲ್ಲಿ ಮಳೆನೀರು ಇಂಗುತ್ತದೆ, ಒಣಗಿದೆಲೆ ಕೊಳೆಯುತ್ತದೆ, ಬೀಜ ಮೊಳೆಯುತ್ತದೆ. ಕೂಲಿ ಕೇಳದೆ ಇಂಗುಗುಂಡಿ ತೆಗೆಯುವ ಪ್ರಾಣಿ ಎಂದರೆ ನಮ್ಮ ಒಣಬೇಸಾಯದ ರೈತರಿಗೆ ಅದರ ಬೆಲೆ ತಿಳಿದೀತು.

ಆದರೆ ಇಲಿಯ ಹೆಸರು ಹೊತ್ತ ಪ್ರಾಣಿಗೆ ಇಲಿಯ ಮರ್ಯಾದೆಯೇ ಸಿಕ್ಕಿತು. ಹುಲ್ಲುಹಾಸಿನಲ್ಲಿ ತೂತು ಮಾಡುವ ಪೀಡೆ ಎಂದು ಬೈಸಿಕೊಂಡಿತು. ಹೆಸರೊಂದರಿಂದಲೇ ಅದು ಕೆಟ್ಟಿತೆಂದು ಹೇಳಲಾಗದು. ಅದನ್ನು ನಿಜವಾಗಿ ಕೆಡಿಸಿದ್ದು ಹೊರಗಿನಿಂದ ತಂದು ಬಿಟ್ಟ ಪ್ರಾಣಿಗಳು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಶೋಕಿಗಾಗಿ ಎರಡು ಡಜನ್ ಮೊಲ ಬಿಟ್ಟ. ನರಿಯೂ ಬೇಟೆಗಾಗಿಯೇ ಬಂತು. ಬೆಕ್ಕು ಹಡಗಿನೊಂದಿಗೇ ಬಂದಿತ್ತು. ಮೊಲ ಹುಲ್ಲು ಬೋಳಿಸಿತು. ಮರೆ ತಪ್ಪಿದ ಬ್ಯಾಂಡಿಕೂಟನ್ನು ನರಿ, ಬೆಕ್ಕುಗಳು ಹಿಡಿದವು. ಹಂದಿಯ ಗೊರಸಿನಂಥ ಕಾಲಿನ ಒಂದು ಜಾತಿ ಇತ್ತು. ಹಂದಿ-ಇಲಿ ಎಂಬ ಹೆಸರು ಯಾವುದಕ್ಕಾದರೂ ಒಪ್ಪುವಂತಿದ್ದರೆ ಅದಕ್ಕೆ. ಇಪ್ಪತ್ತನೆಯ ಶತಮಾನದ ನಡುವೆ ಅದು ಇಲ್ಲವಾಯಿತು. ಮೈಮೇಲೆ ಪಟ್ಟೆಯಿರುವ ಇನ್ನೊಂದು ಜಾತಿ ವಿಕ್ಟೋರಿಯಾ ರಾಜ್ಯದ ಬಯಲಿನಿಂದ ಅಳಿದೇಹೋಗಿ, ಬೇಲಿ ಹಾಕಿದ ನೆಲೆಗಳಲ್ಲೂ ನರಿಯಿಲ್ಲದ ದ್ವೀಪಗಳಲ್ಲೂ ಸಾಕಿ ಉಳಿಸಿದ ಮೇಲೆ 2021ರಲ್ಲಿ ‘ಕಾಡಿನಲ್ಲಿ ಅಳಿದದ್ದು’ ಎಂಬ ಪಟ್ಟಿಯಿಂದ ‘ಅಪಾಯದಲ್ಲಿರುವುದು’ ಎಂಬ ಪಟ್ಟಿಗೆ ಏರಿತು. ಏರಿತು ಎಂಬ ಮಾತೇ ಇಲ್ಲಿ ಎಷ್ಟು ಕನಿಕರದ್ದು ನೋಡಿ.

ಇನ್ನು ಹುಳದ ಕಥೆ. ಕೃಷಿ ಪುಸ್ತಕಗಳಲ್ಲಿ ಶಲ್ಕ ಕೀಟ ಎಂಬ ದೊಡ್ಡ ಬಳಗ ಒಂದಿದೆ. ಅರಗು ಕೊಡುವ ಹುಳ, ಹತ್ತಿ ಪಪ್ಪಾಯಿಗಳನ್ನು ಕಾಡುವ ಹಿಟ್ಟು ತಿಗಣೆ, ಕೆಂಪು ಬಣ್ಣ ಕೊಡುವ ಡಬ್ಬಗಳ್ಳಿಯ ಹುಳ ಎಲ್ಲ ಈ ಬಳಗದವೇ. ಕೆಂಪು ಬಣ್ಣಕ್ಕೆ ನಮ್ಮಲ್ಲಿ ಕಿರಮಂಜಿ ಎಂಬ ಹಳೆಯ ಮಾತಿದೆ. ಕೃಮಿ ಎಂಬ ಸಂಸ್ಕೃತದ ಮಾತಿಗೆ ನಂಟಿನ ಪಾರಸಿಯ ‘ಕಿರ್ಮ್’, ಅದರಿಂದ ಹುಳದ ಬಣ್ಣಕ್ಕೆ ‘ಕಿರ್ಮಿಜಿ’, ಅದರಿಂದ ನಮ್ಮ ಕಿರಮಂಜಿ. ಇಂಗ್ಲಿಷಿನ ಕ್ರಿಮ್ಸನ್ ಕೂಡ ಇದರ ಸೋದರನೇ. ಕೆಂಪೆಂದರೆ ಹುಳದ ಕೆಂಪು ಎಂಬ ನೆನಪು ಈ ಮಾತುಗಳ ಒಡಲಲ್ಲಿದೆ.

ಅಮೆರಿಕದ ಕಿರಮಂಜಿ ಹುಳವನ್ನು ಮೆಕ್ಸಿಕೋದ ಜನ ಡಬ್ಬಗಳ್ಳಿಯ ಮೇಲೆ ಸಾಕುತ್ತಿದ್ದರು. ಒಂದು ಪೌಂಡ್ ಬಣ್ಣದ ಸರಕಿಗೆ ಸುಮಾರು 70,000 ಒಣ ಹುಳ ಬೇಕು. ಆ ವ್ಯಾಪಾರ ಸ್ಪೇನಿನ ಮುಷ್ಟಿಯಲ್ಲಿತ್ತು. ತನ್ನ ಸಿಪಾಯಿಗಳಿಗೆ ಕೆಂಪು ಅಂಗಿ ತೊಡಿಸುವ ಇಂಗ್ಲೆಂಡಿಗೆ ಇದು ಸಹಿಸದ ಸಂಗತಿ. ಮದರಾಸಿನಲ್ಲಿ ಕಂಪನಿಯ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್ 1786ರಲ್ಲಿ ಅಲ್ಲಿಯ ಹುಲ್ಲಿನ ಮೇಲೆ ಕಂಡ ಒಂದು ಹುಳವನ್ನೇ ಕಿರಮಂಜಿ ಹುಳವೆಂದು ತಿಳಿದು ಲಂಡನ್ನಿನ ಜೋಸೆಫ್ ಬ್ಯಾಂಕ್ಸ್‌ಗೆ ಪತ್ರ ಬರೆದ. ಅದರಲ್ಲಿ ಬೇಕಾದ ಬಣ್ಣ ಇರಲಿಲ್ಲ. ಆದರೂ ಹಟ ಬಿಡದೆ ಸೈದಾಪೇಟೆಯಲ್ಲಿ ಡಬ್ಬಗಳ್ಳಿಯ ತೋಟ ಎಬ್ಬಿಸಿ ನಿಜವಾದ ಹುಳಕ್ಕಾಗಿ ಕಾದ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬ ಸೇನಾಧಿಕಾರಿ ಬ್ರೆಜಿಲಿನ ರಿಯೋದಿಂದ ಹುಳ ಹತ್ತಿದ ಕಳ್ಳಿಯನ್ನು ಕಲಕತ್ತೆಗೆ ತಂದ. ಅಲ್ಲಿಂದ ಮದರಾಸಿಗೂ ಹುಳ ಬಂತು. ಸಂಭ್ರಮವಾಯಿತು. ಆದರೆ ಬಂದದ್ದು ಮೆಕ್ಸಿಕೋದ ಸಾಕಿದ ಹುಳವಲ್ಲ, ಅದರ ಕಾಡುಜಾತಿಯ ದಾಯಾದಿ. ಬಣ್ಣ ಕಡಿಮೆ, ಮೈಮೇಲೆ ಅರಳೆ ಹೆಚ್ಚು. ಸರಕು ಮೆಕ್ಸಿಕೋದ್ದಕ್ಕೆ ಸಮನಾಗಲಿಲ್ಲ, ಉದ್ಯಮ ನಿಲ್ಲಲಿಲ್ಲ. ಈ ಹುಳಕ್ಕೆ 1896ರಲ್ಲಿ ಶಾಸ್ತ್ರೀಯ ಹೆಸರು ಸಿಕ್ಕಿತು: ‘ಸಿಲೋನಿಕಸ್’, ಅಂದರೆ ಸಿಂಹಳದ್ದು. ದಕ್ಷಿಣ ಅಮೆರಿಕದ ಹುಳಕ್ಕೆ ಸಿಂಹಳದ ಹೆಸರು! ಬ್ಯಾಂಡಿಕೂಟಿನ ಹಣೆಬರಹವೇ ಇದಕ್ಕೂ ಬಂತು.

ಬಣ್ಣದ ಲೆಕ್ಕದಲ್ಲಿ ನಷ್ಟವಾದ ಹುಳ ಬೇರೊಂದು ಲೆಕ್ಕದಲ್ಲಿ ತನ್ನ ಗುಣ ತೋರಿಸಿತು. ಬೇಲಿಗೆಂದು ಬೆಳೆದು ಊರೆಲ್ಲ ಹಬ್ಬಿದ್ದ ಡಬ್ಬಗಳ್ಳಿಯ ಒಂದು ಜಾತಿಯನ್ನು ಅದು ರಸ ಹೀರಿ ಹೀರಿ ಒಣಗಿಸಿತು. ಇದನ್ನು ಕಂಡ ಜನ 1860ರ ದಶಕದಲ್ಲಿ ಹುಳ ಹತ್ತಿದ ಎಲೆಗಳನ್ನು ಕಡಿದು ದಕ್ಷಿಣ ಭಾರತದ ಬೇರೆ ಕಡೆಗೂ ಸಿಂಹಳಕ್ಕೂ ಒಯ್ದರು. ಕಳೆಯನ್ನು ಹುಳದಿಂದ ಗೆಲ್ಲುವ ವಿದ್ಯೆಯ ಚರಿತ್ರೆ ಬರೆಯುವವರು ಮೊದಲ ಅಧ್ಯಾಯವನ್ನು ಇಲ್ಲಿಂದಲೇ ಆರಂಭಿಸುತ್ತಾರೆ.

ಅತ್ತ ಆಸ್ಟ್ರೇಲಿಯಾದಲ್ಲಿ ಇದೇ ಆಸೆ ಬೇರೆ ಫಲ ಕೊಟ್ಟಿತ್ತು. 1788ರಲ್ಲಿ ಸಿಡ್ನಿಗೆ ಬಂದಿಳಿದ ಮೊದಲ ಹಡಗುಗಳಲ್ಲೇ ಗವರ್ನರ್ ಫಿಲಿಪ್ ರಿಯೋದಿಂದ ಹುಳಸಹಿತ ಕಳ್ಳಿ ತಂದಿದ್ದ. ಅಲ್ಲಿ ಹುಳ ಸತ್ತಿತು, ಕಳ್ಳಿ ಉಳಿಯಿತು. ಆಮೇಲೆ ಬಂದ ಇನ್ನೊಂದು ಜಾತಿಯ ಕಳ್ಳಿಯಂತೂ 1925ರ ಹೊತ್ತಿಗೆ ಸುಮಾರು 2.4 ಕೋಟಿ ಹೆಕ್ಟೇರ್ ನೆಲ ಮುಚ್ಚಿತ್ತು. ಇಡೀ ಕರ್ನಾಟಕಕ್ಕಿಂತ ದೊಡ್ಡ ಹರವು ಅದು. 1914ರ ವೇಳೆಗೆ ಆಸ್ಟ್ರೇಲಿಯಾದವರು ಸಿಂಹಳದಿಂದ ‘ಸಿಲೋನಿಕಸ್’ ಹುಳ ತರಿಸಿದರು. ಅದು ತನಗೆ ಒಗ್ಗುವ ಒಂದು ಜಾತಿಯ ಕಳ್ಳಿಯನ್ನಷ್ಟೇ ಕೊಂದಿತು. ಉಳಿದ ಕಳ್ಳಿಗೆಂದು ಉತ್ತರ ಅಮೆರಿಕದಿಂದ ಇನ್ನೊಂದು ಜಾತಿಯ ಕಿರಮಂಜಿ ಹುಳವನ್ನೂ, 1925ರಲ್ಲಿ ಅರ್ಜೆಂಟಿನಾದಿಂದ ಒಂದು ಪತಂಗವನ್ನೂ ತಂದರು. ಪತಂಗದ ಮರಿಹುಳುಗಳು ಏಳೆಂಟು ವರ್ಷಗಳಲ್ಲಿ ಕಳ್ಳಿಯ ಕಾಡುಗಳನ್ನು ಮಲಗಿಸಿದವು. ಕ್ವೀನ್ಸ್‌ಲ್ಯಾಂಡಿನ ಬೂನಾರ್ಗಾ ಎಂಬಲ್ಲಿ ರೈತರು ಆ ಪತಂಗದ ನೆನಪಿಗೆ ಒಂದು ಸಭಾಭವನವನ್ನೇ ಕಟ್ಟಿಸಿದರು.

ಆಸ್ಟ್ರೇಲಿಯಾಕ್ಕೆ ಬಂದಿದ್ದ ಆ ಉತ್ತರ ಅಮೆರಿಕದ ಹುಳ 1924ರಲ್ಲಿ ಸಿಂಹಳಕ್ಕೂ, 1926ರಲ್ಲಿ ಸಿಂಹಳದಿಂದ ಭಾರತಕ್ಕೂ ಬಂತು. ಅಂದು ಗದಗ, ಮುಂಡರಗಿ ಬ್ರಿಟಿಷರವು. ಶಿರಹಟ್ಟಿ ಸಾಂಗ್ಲಿಯ ರಾಜರದು. ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಹುಳಕ್ಕೆ ಸಂಸ್ಥಾನದ ಗಡಿ ಗೊತ್ತಿರುವುದಿಲ್ಲ. ಮರಿಹುಳದ ಮೈಮೇಲಿನ ಮೇಣದ ಎಳೆಗಳೇ ಹಾಯಿ. ಗಾಳಿ ಬೀಸಿದತ್ತ ಅದರ ಪಯಣ. ಐದಾರು ವರ್ಷಗಳಲ್ಲಿ ದಕ್ಷಿಣ ಭಾರತದ ಸುಮಾರು 40,000 ಹೆಕ್ಟೇರಿನ ಮುಳ್ಳುಗಳ್ಳಿ ಹತೋಟಿಗೆ ಬಂತು.

ಈಗ ಎರಡನ್ನೂ ಎದುರುಬದುರು ಇಟ್ಟು ನೋಡಬಹುದು. ಚೀಲದ ಪ್ರಾಣಿ ರಾತ್ರಿಯಿಡೀ ಅಲೆಯುತ್ತದೆ. ಕಿರಮಂಜಿಯ ಹೆಣ್ಣುಹುಳ ಒಮ್ಮೆ ಎಲೆಗೆ ಬಾಯಿ ಚುಚ್ಚಿ ಕುಳಿತರೆ ಸಾಯುವವರೆಗೆ ಏಳುವುದಿಲ್ಲ. ಅದಕ್ಕೆ ರೆಕ್ಕೆಯೂ ಇಲ್ಲ. ರೆಕ್ಕೆ ಇರುವುದು ಗಂಡಿಗೆ; ಅದರ ಬಾಳು ಕೆಲವೇ ದಿನ. ಬ್ಯಾಂಡಿಕೂಟ್ ಮರಿಯನ್ನು ಚೀಲದಲ್ಲಿ ಮುಚ್ಚಿಟ್ಟು ಕಾಯುತ್ತದೆ. ಹುಳ ತನ್ನನ್ನೇ ಅರಳೆಯಲ್ಲಿ ಮುಚ್ಚಿಕೊಳ್ಳುತ್ತದೆ. ಒಂದು ಸಿಕ್ಕಿದ್ದನ್ನು ತಿನ್ನುತ್ತದೆ. ಇನ್ನೊಂದು ತನ್ನ ಕಳ್ಳಿ ಬಿಟ್ಟರೆ ಬೇರೆ ಗಿಡ ಮುಟ್ಟುವುದಿಲ್ಲ, ಕಳ್ಳಿಯಲ್ಲೂ ಇಂಥದೇ ಜಾತಿ ಬೇಕು. ಹುಳದ ಬಲವಿರುವುದು ಈ ಪಥ್ಯದಲ್ಲಿ. ಅದರ ಜಾತಿ ತಪ್ಪಿದಾಗ ಆಂಡರ್ಸನ್ ಸೋತ. ಜಾತಿ ಹೊಂದಿಸಿ ತಂದಾಗ ರೈತ ಗೆದ್ದ. ಬ್ಯಾಂಡಿಕೂಟಿನ ಬಲ ಅದರ ಕೆದರುವಿಕೆಯಲ್ಲಿ. ಅದನ್ನು ಇಲಿಯ ಚೇಷ್ಟೆ ಎಂದುಕೊಂಡಷ್ಟು ಕಾಲ ಅದರ ಉಪಕಾರ ಯಾರ ಕಣ್ಣಿಗೂ ಬೀಳಲಿಲ್ಲ.

ಹೆಸರು ತಪ್ಪಿದ್ದಕ್ಕೆ ಇಂಗ್ಲಿಷರನ್ನಷ್ಟೇ ಆಡಿಕೊಳ್ಳುವುದು ಬೇಡ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವರ ಎಲೆಯ ನೊಣ ಓಡಿಸುವವನ ಗಾದೆ ನಮ್ಮಲ್ಲೇ ಇದೆ. ಅಮೆರಿಕದಿಂದ ಬಂದ ಈ ಗಿಡಕ್ಕೆ ನಾವಿಟ್ಟ ಹೆಸರಾದರೂ ಏನು? ಪಾಪಾಸುಕಳ್ಳಿ. ಪಾಪಾಸು ಎಂದರೆ ಕಾಲಿನ ಜೋಡು. ಎಲೆಯ ಆಕಾರಕ್ಕೆ ಆ ಮಾತು ಒಪ್ಪುತ್ತದೆ. ಆದರೆ ಕಳ್ಳಿ ಎಂದರೆ ಮುರಿದರೆ ಹಾಲು ಸುರಿಸುವ ನಮ್ಮ ಗಿಡ. ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ, ನಂಟೂ ಇಲ್ಲ. ಹೊಸಬನನ್ನು ಹಳಬನ ಹೆಸರಿನಿಂದ ಕರೆಯುವುದು ಮನುಷ್ಯನ ರೂಢಿ, ಅದರಲ್ಲಿ ಪಾಪವೇನಿಲ್ಲ. ಹೆಸರಿಟ್ಟ ಕೂಡಲೇ ನೋಡುವುದನ್ನು ನಿಲ್ಲಿಸುತ್ತೇವಲ್ಲ, ತೊಂದರೆ ಅಲ್ಲಿ.

ಇದು ಬರಿಯ ಹಳೆಯ ಕಥೆಯಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿಯ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಕಿರಮಂಜಿ ಹುಳದ ಬಳಗದ್ದೇ, ಮೂಲ ಮೆಕ್ಸಿಕೋದ ಸೀಮೆ. ಪಪ್ಪಾಯಿಯ ಜೊತೆ ರೇಷ್ಮೆ ಬೆಳೆಗಾರರ ಹಿಪ್ಪುನೇರಳೆಯನ್ನೂ ಹಿಡಿಯಿತು. ರೈತರು ಔಷಧಿ ಹೊಡೆದು ಹೊಡೆದು ಬೇಸತ್ತರು. ಮೇಣದ ಹೊದಿಕೆಯೊಳಗೆ ಅದು ಇಳಿಯುವುದೇ ಕಷ್ಟ. ಕೀಟದ ಜಾತಿಯನ್ನು ಸರಿಯಾಗಿ ಗುರುತು ಹಿಡಿದ ಮೇಲೆ, ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎನಿಸಿಕೊಂಡಿರುವ ಬೆಂಗಳೂರಿನ ಸಂಸ್ಥೆ 2010ರಲ್ಲಿ ಪೋರ್ಟೊ ರಿಕೋದಿಂದ ಮೂರು ಜಾತಿಯ ಪುಟ್ಟ ಕಣಜಗಳನ್ನು ತರಿಸಿತು. ಅವು ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಹತೋಟಿಗೆ ತಂದವು. ಗುರುತು ಸರಿಯಾದರೆ ಅರ್ಧ ಔಷಧಿ ಆದಂತೆಯೇ.

ನಮ್ಮ ನಾಲ್ಕೂ ಊರುಗಳ ರೈತರು ಇನ್ನು ಮುಂದೆ ಕಣ್ಣಿಡಬೇಕಾದ ಸಂಗತಿ ಮತ್ತೊಂದಿದೆ. ಬರಗಾಲದಲ್ಲಿ ಮುಳ್ಳು ಸುಟ್ಟು ಡಬ್ಬಗಳ್ಳಿಯನ್ನು ದನಕ್ಕೆ ಹಾಕುವುದು ಹಳೆಯ ಉಪಾಯ. ಈಗ ಮುಳ್ಳಿಲ್ಲದ ಜಾತಿಗಳೇ ಬಂದಿವೆ. ಒಣಭೂಮಿಯಲ್ಲಿ ಮೇವಿಗಾಗಿ ಇವನ್ನು ಬೆಳೆಸಬೇಕೆಂದು 2022ರಿಂದ ಕೇಂದ್ರ ಸರಕಾರದ ಭೂಸಂಪನ್ಮೂಲ ಇಲಾಖೆ ಜಲಾನಯನ ಯೋಜನೆಯ ಮೂಲಕ ಉತ್ತೇಜನ ಕೊಡುತ್ತಿದೆ. ಮಳೆ ನಂಬಲಾಗದ ಮುಂಡರಗಿ, ಶಿರಹಟ್ಟಿಗಳಿಗೆ ಇದು ಒಗ್ಗುವ ಮಾತೇ. ಆದರೆ 1926ರಲ್ಲಿ ನಾವು ಕರೆತಂದ ಹುಳಕ್ಕೆ ಈ ಮುಳ್ಳಿಲ್ಲದ ಕಳ್ಳಿಯೂ ಆಹಾರವೇ. 2014ರಲ್ಲಿ ಅದೇ ಹುಳ ಮೊರಾಕ್ಕೋ ದೇಶಕ್ಕೆ ನುಗ್ಗಿ, ಹಣ್ಣಿಗೂ ಮೇವಿಗೂ ಕಳ್ಳಿಯನ್ನೇ ನಂಬಿದ್ದ ಬಡ ರೈತರ ತೋಟಗಳನ್ನು ಒಣಗಿಸಿಬಿಟ್ಟಿತು. ಬ್ರೆಜಿಲಿನ ಒಣಸೀಮೆಯಲ್ಲೂ ಮೇವಿನ ಕಳ್ಳಿಗೆ ಅದು ದೊಡ್ಡ ಪೀಡೆ. ಕಳ್ಳಿ ಬೇಡವಾದಾಗ ಬಂಧುವಾದ ಹುಳ, ಕಳ್ಳಿ ಬೇಕಾದಾಗ ವೈರಿ. ಹುಳ ಬದಲಾಗಿಲ್ಲ, ಬದಲಾದದ್ದು ನಮ್ಮ ಬೇಕು-ಬೇಡ.

ಆದ್ದರಿಂದ ಯಾರಾದರೂ ಮುಳ್ಳಿಲ್ಲದ ಕಳ್ಳಿಯ ಎಲೆಗಳನ್ನು ಚೀಲದಲ್ಲಿ ತಂದು ಕೊಟ್ಟರೆ ಮೊದಲು ಅವುಗಳ ಬುಡ ತಿರುವಿ ನೋಡುವುದು ಒಳ್ಳೆಯದು. ಬಿಳಿಯ ಅರಳೆ ಕಂಡರೆ ಬೆರಳಿನಿಂದ ಒರೆಸಬೇಕು. ಕೆಂಪು ಬಂದರೆ ಆ ಎಲೆಯನ್ನು ನೆಡಬಾರದು. ಹೊಲದ ಬದುವಿನ ಹಳೆಯ ಡಬ್ಬಗಳ್ಳಿಯನ್ನೂ ಒಮ್ಮೆ ನೋಡಿಬರಬೇಕು. ಅಲ್ಲಿಂದ ಹೊಸ ತೋಟಕ್ಕೆ ಬರಲು ಹುಳಕ್ಕೆ ಒಂದು ಗಾಳಿ ಸಾಕು.